ಇಷ್ಟು ಅಗಲದ ಚಿತ್ರಕ್ಕೆ ಯಾವ ಲೆನ್ಸ್?

ಹಂಪಿಯ ಮಾತಂಗ ಬೆಟ್ಟದ ಮೇಲಿಂದ ಉತ್ತರಕ್ಕೆ ಮುಖ ಮಾಡಿ ತೆಗೆದ ಉದ್ದನೆಯ ಚಿತ್ರವೊಂದು ನಮ್ಮ ಮನೆಯ ಗೋಡೆಯ ಮೇಲಿದೆ. ಎಡಕ್ಕೆ ವಿರೂಪಾಕ್ಷನ ಗೋಪುರ, ಬಲಕ್ಕೆ ಅಚ್ಯುತರಾಯ ದೇವಾಲಯ, ಬಂಡೆಗಳಾಚೆ ತುಂಗಭದ್ರೆ. ಅದರ ಮುಂದೆ ನಿಂತವರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಇದಕ್ಕೆ ಯಾವ ವೈಡ್ ಲೆನ್ಸ್ ಬೇಕು?’

ವೈಡ್ ಲೆನ್ಸ್ ಬೇಡ. ನಾನು ಬಳಸಿದ್ದು ಸಾಧಾರಣ 50 ಎಂಎಂ ಲೆನ್ಸ್. ವೈಡ್ ಲೆನ್ಸಿನಲ್ಲಿ ಎಲ್ಲವೂ ಒಂದೇ ಚೌಕಟ್ಟಿಗೆ ಬರುತ್ತದೆ ನಿಜ, ಆದರೆ ಕಾಲ ಬಳಿಯ ಬಂಡೆ ದೊಡ್ಡದಾಗಿ ಕಂಡು, ದೂರದ ಗೋಪುರ ಬೆಂಕಿಕಡ್ಡಿಯಷ್ಟಾಗುತ್ತದೆ. ಫುಲ್ ಫ್ರೇಮ್ (ಹಳೆಯ 35 ಎಂಎಂ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾವನ್ನು ಲಂಬವಾಗಿ ನಿಲ್ಲಿಸಿದರೆ 50 ಎಂಎಂ ಲೆನ್ಸ್ ಅಡ್ಡಡ್ಡಲಾಗಿ ಸುಮಾರು 27 ಡಿಗ್ರಿಯನ್ನಷ್ಟೇ ಕಾಣುತ್ತದೆ. ಪ್ರತಿ ಫ್ರೇಮು, ಅಂದರೆ ಬಿಡಿ ಚಿತ್ರ, ಹಿಂದಿನದರ ಮೇಲೆ ಮೂರನೆಯ ಒಂದು ಭಾಗದಷ್ಟು ಹರಡಿಕೊಳ್ಳುವಂತೆ ತಿರುಗಿಸುತ್ತ ಹೋದರೆ ಎಂಟು ಫ್ರೇಮುಗಳಲ್ಲಿ ಸುಮಾರು 150 ಡಿಗ್ರಿ ಸಿಗುತ್ತದೆ. ಜೋಡಿಸುವ ಕೆಲಸ ಸಾಫ್ಟ್‌ವೇರಿನದು.

ಹಾಗಾಗಿ ಕೇಳಬೇಕಾದದ್ದು ಲೆನ್ಸ್ ಯಾವುದೆಂದಲ್ಲ, ಕ್ಯಾಮೆರಾ ಯಾವ ಬಿಂದುವಿನ ಸುತ್ತ ತಿರುಗುತ್ತದೆ ಎಂದು. ಒಂದು ಕಣ್ಣು ಮುಚ್ಚಿ, ಮುಖದ ಮುಂದೆ ಹಿಡಿದ ಹೆಬ್ಬೆರಳನ್ನು ಕಿಟಕಿಯ ಸರಳಿಗೆ ಸರಿಹೊಂದಿಸಿ, ತಲೆಯನ್ನು ನಿಧಾನವಾಗಿ ತಿರುಗಿಸಿ ನೋಡಿ: ಬೆರಳು ಸರಳನ್ನು ಬಿಟ್ಟು ಜರುಗುತ್ತದೆ, ಏಕೆಂದರೆ ತಲೆ ತಿರುಗುವುದು ಕತ್ತಿನ ಮೇಲೆ, ಕಣ್ಣಿರುವುದು ಅದಕ್ಕಿಂತ ಮುಂದೆ. ಟ್ರೈಪಾಡಿನ ಸ್ಕ್ರೂ ಕ್ಯಾಮೆರಾದ ಒಡಲಿಗಿರುವುದರಿಂದ ಲೆನ್ಸಿಗೂ ಇದೇ ಗತಿ. ನನ್ನ ಮೊದಲ ಪ್ರಯತ್ನದಲ್ಲಿ, ಎದುರಿಗಿದ್ದ ಕಲ್ಲುಕಂಬವೊಂದು ನಡುವಿನಲ್ಲಿ ಮುರಿದು ಪಕ್ಕಕ್ಕೆ ಜರುಗಿದಂತೆ ಮೂಡಿತ್ತು. ತಪ್ಪು ಪೂರ್ತಿ ನನ್ನದೇ. ಈಗ ಸಣ್ಣದೊಂದು ಜಾರುಪಟ್ಟಿಯ ಮೇಲೆ ಕ್ಯಾಮೆರಾವನ್ನು ಹಿಂದಕ್ಕೆ ಸರಿಸಿ, ಹತ್ತಿರದ ಕಡ್ಡಿಯೂ ದೂರದ ಗೋಪುರವೂ ಎಷ್ಟು ತಿರುಗಿಸಿದರೂ ಒಂದನ್ನೊಂದು ಬಿಟ್ಟು ಜರುಗದ ಜಾಗವನ್ನು ಹುಡುಕಿಕೊಳ್ಳುತ್ತೇನೆ. ಛಾಯಾಗ್ರಾಹಕರು ಅದನ್ನು ನೋಡಲ್ ಪಾಯಿಂಟ್ ಎಂದು ಕರೆಯುವುದು ರೂಢಿ. ಮುಂದೆ ಹತ್ತಿರದ ವಸ್ತು ಏನೂ ಇಲ್ಲದಿದ್ದರೆ ಈ ಪಾಡು ಬೇಕಿಲ್ಲ, ಕೈಯಲ್ಲಿ ಹಿಡಿದು ತೆಗೆದರೂ ಆದೀತು. ಟ್ರೈಪಾಡಿಗೆ ರಸಮಟ್ಟ ನೋಡುವುದನ್ನು ಮಾತ್ರ ಮರೆಯಬಾರದು. ಇಲ್ಲವಾದರೆ ಕ್ಷಿತಿಜ ಬಾಳೆಹಣ್ಣಿನಂತೆ ಬಾಗುತ್ತದೆ.

ಎಕ್ಸ್‌ಪೋಷರ್ (ಒಳಬಿಡುವ ಬೆಳಕಿನ ಪ್ರಮಾಣ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಮ್ಯಾನ್ಯುಯಲ್‌ನಲ್ಲಿ ಕಟ್ಟಿಹಾಕುತ್ತೇನೆ, ಇಲ್ಲವಾದರೆ ಫ್ರೇಮಿನಿಂದ ಫ್ರೇಮಿಗೆ ಅವು ಬದಲಾಗಿ ಜೋಡಣೆ ಎದ್ದು ಕಾಣುತ್ತದೆ. ಬೆಳಗ್ಗೆ ಸೂರ್ಯ ಬಲಗಡೆ ಇರುವುದರಿಂದ ಆ ಕಡೆಯ ಆಕಾಶಕ್ಕೆ ಹೊಂದುವ ಎಕ್ಸ್‌ಪೋಷರನ್ನೇ ಎಂಟೂ ಫ್ರೇಮಿಗೆ ಇಡುತ್ತೇನೆ. ಆಕಾಶದ ನೀಲಿಯನ್ನು ಗಾಢವಾಗಿಸಲು ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಚೀಲದಲ್ಲೇ ಇರಲಿ: ಸೂರ್ಯನಿಂದ 90 ಡಿಗ್ರಿ ದೂರದ ಆಕಾಶವನ್ನು ಅದು ಹೆಚ್ಚು ಕಪ್ಪಾಗಿಸುವುದರಿಂದ, ಚಿತ್ರದ ನಡುವೆ ಕಡುನೀಲಿ ಪಟ್ಟೆಯೊಂದು ಎದ್ದು ನಿಲ್ಲುತ್ತದೆ.

ಫೋನಿನಲ್ಲಿ ಒಮ್ಮೆ ಬೀಸಿದರೆ ಆಗುವುದಿಲ್ಲವೇ ಎಂದೂ ಕೆಲವರು ಕೇಳುತ್ತಾರೆ. ಆಗುತ್ತದೆ, ಆ ಉಪಾಯವೇನೂ ಹೊಸದಲ್ಲ. ಪ್ಯಾರಿಸ್ಸಿನಲ್ಲಿ ಫ್ರೆಡ್ರಿಕ್ ಮಾರ್ಟೆನ್ಸ್ ಎಂಬ ಛಾಯಾಗ್ರಾಹಕ 1845ರ ಸುಮಾರಿಗೆ ಲೆನ್ಸನ್ನೇ ತಿರುಗಿಸಿ, ಬಾಗಿದ ಫಲಕದ ಮೇಲೆ ಪಟ್ಟಿ ಪಟ್ಟಿಯಾಗಿ ಚಿತ್ರ ಮೂಡಿಸಿದ್ದ. ಆದರೆ ಬೀಸುವ ಹೊತ್ತಿನಲ್ಲಿ ಯಾರಾದರೂ ನಡೆದರೆ ಫೋನು ಅವರನ್ನು ಹಿಗ್ಗಿಸುತ್ತದೆ ಇಲ್ಲವೇ ಕತ್ತರಿಸುತ್ತದೆ, ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಮುದ್ರಿಸಿದಾಗ ಬಂಡೆಗಳ ಮೈ ಮೇಣದಂತೆ ಕಾಣುತ್ತದೆ.

ಇನ್ನೊಂದು ಅಭ್ಯಾಸ: ಸರಣಿಯ ಮೊದಲಿಗೂ ಕೊನೆಗೂ ನನ್ನ ಅಂಗೈಯ ಒಂದೊಂದು ಚಿತ್ರ ತೆಗೆದಿಡುತ್ತೇನೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದಾಗ, ಒಂದೇ ತೆರನಾಗಿ ಕಾಣುವ ನೂರಾರು ಬಂಡೆಗಳ ನಡುವೆ ಯಾವ ಎಂಟು ಒಂದಕ್ಕೊಂದು ಸೇರಿದವು ಎಂಬುದು ಅದರಿಂದಲೇ ತಿಳಿಯುತ್ತದೆ.