“ಅಕ್ಕಾರ, ಆಕಿಗೆ ಹೆಂಗ ಹೇಳಲಿ?”

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆಯ ಮೇಲಂತಸ್ತಿನ ಮೂರು ಕೋಣೆಗಳನ್ನು ಹದಿನಾಲ್ಕು ವರ್ಷಗಳಿಂದ ಓದುವ ಹೆಣ್ಣುಮಕ್ಕಳಿಗೆ ಬಾಡಿಗೆಗೆ ಕೊಡುತ್ತ ಬಂದಿದ್ದೇನೆ. ಗದಗ, ಹಾವೇರಿ, ರೋಣ, ಸವಣೂರು ಕಡೆಯಿಂದ ಪಿಎಸ್‌ಐ, ಕೆಎಎಸ್, ಟಿಇಟಿ ಪರೀಕ್ಷೆಗಳ ಕೋಚಿಂಗ್‌ಗೆಂದು ಬರುವ ಇವರಲ್ಲಿ ವರ್ಷಕ್ಕೆ ಒಬ್ಬಳಾದರೂ ಕೆಳಗಿಳಿದು ಬಂದು, ಒಳಗೆ ಕೂಡ್ರದೆ ಬಾಗಿಲ ಬಳಿಯೇ ನಿಂತು, ಒಂದೇ ಪ್ರಶ್ನೆಯನ್ನು ಕೇಳುತ್ತಾಳೆ: “ಅಕ್ಕಾರ, ನಮ್ಮ ರೂಮಿನಾಕಿ ಒಬ್ಬ ಹುಡುಗನ್ನ ಹಚ್ಚಿಕೊಂಡಾಳ್ರಿ. ಅಂವ ಚಲೋ ಇಲ್ಲ. ಹೇಳಿದ್ರ ನನ್ನ ಜೋಡಿ ಮಾತು ಬಿಡತಾಳ. ಆಕಿಗೆ ಹೆಂಗ ಹೇಳಲಿ?” ನಾನು ಮನಃಶಾಸ್ತ್ರ ಓದಿದವಳಲ್ಲ. ಆದರೂ ಕೋಣೆ ಬಿಟ್ಟು ಊರಿಗೆ ಹೋದವರು ಕೂಡ ಫೋನ್ ಮಾಡಿ ಇದನ್ನೇ ಕೇಳುತ್ತಿರುವುದರಿಂದ, ನನಗೆ ತಿಳಿದ ಉತ್ತರವನ್ನು ಒಮ್ಮೆ ಬರೆದಿಡುತ್ತಿದ್ದೇನೆ.

ಹುಡುಗ ಎಂಥವನು ಎಂಬ ತೀರ್ಪನ್ನು ಪಕ್ಕಕ್ಕಿಟ್ಟು, ನೀನು ಕಣ್ಣಾರೆ ಕಂಡದ್ದನ್ನಷ್ಟೇ ಅವಳಿಗೆ ಹೇಳು ಎನ್ನುವುದು ನನ್ನ ಉತ್ತರ. ಅವನು ಕೆಟ್ಟವನೆಂದು ನೀನು ಬೈದ ದಿನವೇ ಅವಳು ಅವನ ಪರ ವಕಾಲತ್ತು ವಹಿಸಬೇಕಾಗುತ್ತದೆ. ಹಾಗೆ ಒಮ್ಮೆ ವಾದಿಸಿದವಳು, ಮುಂದೆ ಅವನು ನಿಜವಾಗಿಯೂ ಕೈಯೆತ್ತಿದಾಗ, “ನಾ ಮೊದಲ ಹೇಳಿರಲಿಲ್ಲೇನು” ಎಂಬ ಮಾತಿಗೆ ಹೆದರಿ ನಿನ್ನ ಬಳಿಗೆ ಬರುವುದಿಲ್ಲ.

ಎರಡು ವರ್ಷಗಳ ಹಿಂದೆ ಹಾವೇರಿ ಕಡೆಯ ಹುಡುಗಿಯೊಬ್ಬಳಿದ್ದಳು. ರಾತ್ರಿ ಹತ್ತಕ್ಕೆ ಅವಳಿಗೆ ಅವಳ ಹುಡುಗನಿಂದ ವಿಡಿಯೊ ಕರೆ ಬರುತ್ತಿತ್ತು. ಕೋಣೆಯಲ್ಲಿ ಯಾರು ಯಾರು ಇದ್ದಾರೆಂದು ಅವನಿಗೆ ತೋರಿಸಲು ಅವಳು ಎದ್ದು ನಿಂತು ಫೋನನ್ನು ನಾಲ್ಕೂ ಮೂಲೆಗೆ ತಿರುಗಿಸಬೇಕಿತ್ತು. ಉಳಿದ ಇಬ್ಬರು ಓಢಣಿ ಎಳೆದುಕೊಂಡು ಗೋಡೆಗೆ ಮುಖ ಮಾಡುತ್ತಿದ್ದರು. ಒಂದು ದಿನ ಅವರಲ್ಲೊಬ್ಬಳು ನಗುತ್ತ, “ಹಾಜರಿ ತಗೊಂಡ್ರೇನವಾ ಸರ್ರು?” ಎಂದಳು. ಕೋಣೆಯೆಲ್ಲ ನಕ್ಕಿತು, ಅವಳೂ ನಕ್ಕಳು. ಮರುದಿನದಿಂದ ಅವಳು ಕರೆ ಬರುವ ಹೊತ್ತಿಗೆ ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂಡತೊಡಗಿದಳು, ಕೋಣೆಯಲ್ಲಿ ಅವನ ಹೆಸರನ್ನೇ ಎತ್ತಲಿಲ್ಲ. ನಮ್ಮ ಕಡೆ ಗೆಳತಿಯರು ಬಿರುಸಿನ ಮಾತನ್ನು ಚ್ಯಾಷ್ಟಿಯಲ್ಲಿ ಸುತ್ತಿ ಹೇಳುವುದೇ ಹೆಚ್ಚು. ಅದರಲ್ಲಿ ಪ್ರೀತಿಯಿಲ್ಲವೆಂದಲ್ಲ, ಆದರೆ ನಾಚಿಕೆಯಲ್ಲಿ ಮುಳುಗಿದವಳಿಗೆ ಚ್ಯಾಷ್ಟಿಯಷ್ಟು ಚುಚ್ಚುವುದು ಬೇರೊಂದಿಲ್ಲ.

ಇನ್ನೊಬ್ಬಳು ಹುಬ್ಬಳ್ಳಿ ನವನಗರದ ಕಾನೂನು ವಿಶ್ವವಿದ್ಯಾಲಯದಲ್ಲಿ ಓದುತ್ತ, ದಿನವೂ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಒಂದು ಸಂಜೆ ಟೆರೇಸಿನಲ್ಲಿ ಗಿರಮಿಟ್ಟು ತಿನ್ನುವಾಗ, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮನ್ನು ಅವಳು ಎಲ್ಲರಿಗೂ ಓದಿ ಹೇಳಿದಳು: ಬೇಡವೆಂದ ಮೇಲೂ ಹೆಣ್ಣಿನ ಬೆನ್ನು ಹತ್ತುವುದಷ್ಟೇ ಅಲ್ಲ, ಅವಳು ಇಂಟರ್ನೆಟ್, ಇ-ಮೇಲ್ ಬಳಸುವುದರ ಮೇಲೆ ಕಣ್ಣಿಡುವುದೂ ಹಿಂಬಾಲಿಸುವ ಅಪರಾಧ, ಮೊದಲ ಸಲಕ್ಕೆ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು. ಹಾವೇರಿಯವಳು, “ಹಂಗಾದ್ರ ಅರ್ಧ ಧಾರವಾಡ ಜೈಲಿನ್ಯಾಗ ಇರಬೇಕಾತು” ಎಂದು ಮಾತು ತೇಲಿಸಿಬಿಟ್ಟಳು. ಕಾಯಿದೆ ಅವಳನ್ನು ಮುಟ್ಟಲಿಲ್ಲ. ಕಾನೂನಿನ ಹುಡುಗಿ ಜಾಣೆ, ಅಂದು ರಾತ್ರಿ ಮೆಟ್ಟಿಲ ಮೇಲೆ ಅವಳ ಪಕ್ಕ ಹೋಗಿ ಕುಳಿತು, ಕರೆ ಮುಗಿಯುವವರೆಗೂ ಸುಮ್ಮನಿದ್ದು, ಆಮೇಲೆ, “ಫೋನ್ ಇಟ್ಟ ಮ್ಯಾಲೆ ನಿನಗ ಹಗುರ ಅನಸ್ತೈತೋ, ಭಾರ ಅನಸ್ತೈತೋ?” ಎಂದು ಕೇಳಿದಳಂತೆ. ಉತ್ತರ ಬರಲಿಲ್ಲ, ಅಳು ಬಂದಿತು.

ಇಂಥ ಸಂಗತಿಗಳಿಗೆ ಹುಡುಗಿಯರು ಬಳಸುವ ಶಬ್ದಗಳ ಬಗ್ಗೆಯೂ ನನಗೊಂದು ತಕರಾರಿದೆ. “ಭಾಳ ಪೊಸೆಸಿವ್ ಅದಾನ” ಎನ್ನುವಾಗ ಇವರ ದನಿಯಲ್ಲಿ ಹೊಸ ಸೀರೆಯ ಸೆರಗು ತೋರಿಸುವ ಹೆಮ್ಮೆಯಿರುತ್ತದೆ. “ಟಾಕ್ಸಿಕ್” ಎಂಬುದಂತೂ ಮೆಸೇಜಿಗೆ ತಡವಾಗಿ ಉತ್ತರಿಸಿದವನಿಗೂ ಸಲ್ಲುತ್ತದೆ, ಕೆನ್ನೆಗೆ ಹೊಡೆದವನಿಗೂ ಸಲ್ಲುತ್ತದೆ. ಆದ್ದರಿಂದ ಇಂಥ ಬಿರುದುಗಳನ್ನು ಬಿಟ್ಟು, “ಮೊನ್ನೆ ಅವನ ಫೋನ್ ಬಂತಂತ ಮಾಕ್ ಟೆಸ್ಟ್ ಅರ್ಧಕ್ಕ ಬಿಟ್ಟು ಎದ್ದಿ” ಎಂದು ನಡೆದದ್ದನ್ನು ನಡೆದಂತೆ ಹೇಳುವುದು ಮೇಲು. ಅದನ್ನು ಅವಳು ಅಲ್ಲಗಳೆಯಲಾರಳು.

ಮನೆಯವರಿಗೆ ತಿಳಿಸಲೇ ಎಂದೂ ಕೇಳುತ್ತಾರೆ. ಇಲ್ಲಿ ನನ್ನ ತಪ್ಪನ್ನೇ ಹೇಳಬೇಕು. ಏಳು ವರ್ಷಗಳ ಹಿಂದೆ ಒಬ್ಬ ಹುಡುಗಿಯ ಮುಂಗೈಯಲ್ಲಿ ಬಳೆ ಒಡೆದು ಚುಚ್ಚಿದ ಗಾಯ ಕಂಡು, ಅವಳನ್ನು ಒಂದು ಮಾತೂ ಕೇಳದೆ ಅವಳ ತಂದೆಗೆ ಫೋನ್ ಮಾಡಿದೆ. ಮೂರನೆಯ ದಿನ ತಂದೆಯೂ ಕಾಕಾನೂ ಬಂದು ಪುಸ್ತಕಗಳನ್ನು ಗೊಬ್ಬರದ ಚೀಲಕ್ಕೆ ತುಂಬಿಕೊಂಡು ಅವಳನ್ನು ಕರೆದೊಯ್ದರು. ಪರೀಕ್ಷೆಗೆ ಇಪ್ಪತ್ತು ದಿನಗಳಿದ್ದವು. ಅವರು ನನ್ನನ್ನು ಕೇಳಿದ್ದು ಹುಡುಗನ ಜಾತಿಯನ್ನು. ಗಾಯದ ಬಗ್ಗೆ ಯಾರೂ ಕೇಳಲಿಲ್ಲ. ಮುಂದಿನ ಬೇಸಗೆಯಲ್ಲಿ ಅವಳ ಮದುವೆಯಾಯಿತೆಂದು ಗೆಳತಿಯರಿಂದ ತಿಳಿಯಿತು. ಓದು ಬಿಡಿಸುತ್ತಾರೆಂಬ ಈ ಭಯವೇ ಹುಡುಗಿಯರ ಬಾಯಿಗೆ ಬೀಗ ಹಾಕುತ್ತದೆ. 2024ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಇಬ್ಬರು ಯುವತಿಯರ ಕೊಲೆಯಾದ ಮೇಲೆ ಊರಿನಿಂದ ಬರುವ ಕರೆಗಳು ಹೆಚ್ಚಾದವು, ಹುಡುಗಿಯರು ಮನೆಯಲ್ಲಿ ಹೇಳಿಕೊಳ್ಳುವುದು ಮಾತ್ರ ಇನ್ನೂ ಕಡಿಮೆಯಾಯಿತು.

ಹಾಗೆಂದು ಎಲ್ಲ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳಬಾರದು. ಕೊಲ್ಲುತ್ತೇನೆಂಬ ಬೆದರಿಕೆ ಬಂದಾಗ, ಫೋಟೊ ಹರಿಬಿಡುತ್ತೇನೆಂದು ಹೆದರಿಸಿದಾಗ, ಅಥವಾ ಅವಳೇ ಸಾಯುವ ಮಾತಾಡಿದಾಗ, ಅವಳ ಸಿಟ್ಟಿಗೆ ಅಂಜುತ್ತ ಕೂಡುವ ಹೊತ್ತಲ್ಲ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಸೈಬರ್ ದೂರಿಗೆ 1930, ಮನಸ್ಸು ಕುಸಿದವರಿಗೆ ಟೆಲಿ ಮಾನಸ್‌ನ 14416. ಈ ನಾಲ್ಕನ್ನೂ ಮೆಟ್ಟಿಲ ಬಳಿಯ ಗೋಡೆಗೆ ಅಂಟಿಸಿದ್ದೇನೆ. ಫೋಟೊ ವಿಷಯದಲ್ಲಿ ಮೆಸೇಜುಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಹುಡುಗಿಯರು ನಾಚಿಕೆಗೆ ಮೊದಲು ಅಳಿಸಿಹಾಕುವುದೇ ಅದನ್ನು.

ಉಳಿದ ಸಂದರ್ಭಗಳಲ್ಲಿ ಅವಳನ್ನೇ ಕೇಳಬೇಕು: “ನಿಮ್ಮ ಮನ್ಯಾಗ ಯಾರಿಗೆ ಹೇಳಿದ್ರ ಓದು ಬಿಡಸೂದಿಲ್ಲ?” ಯಾರೋ ಒಬ್ಬರು ಇದ್ದೇ ಇರುತ್ತಾರೆ, ಅವರು ಅಪ್ಪ ಅವ್ವ ಆಗಿರುವುದು ಅಪರೂಪ. ಹಾವೇರಿಯ ಹುಡುಗಿ ಬಹಳ ಹೊತ್ತು ಯೋಚಿಸಿ ಚಿಗವ್ವನ ಹೆಸರು ಹೇಳಿದಳು. ಮುಂದಿನ ಭಾನುವಾರ ಚಿಗವ್ವ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ಬಂದು ರಾತ್ರಿ ಮೇಲೆಯೇ ಉಳಿದರು. ಹತ್ತಕ್ಕೆ ಕರೆ ಬಂದಾಗ ಹುಡುಗಿ ಎದ್ದು ಫೋನನ್ನು ಮೂಲೆ ಮೂಲೆಗೆ ತಿರುಗಿಸಿದ್ದನ್ನು ಅವರು ಹಾಸಿಗೆಯ ಮೇಲೆ ಕುಳಿತೇ ನೋಡಿದರು, ಏನೂ ಅನ್ನಲಿಲ್ಲ. ಆ ಸಂಬಂಧ ಕಡಿದುಹೋಗಲು ಮತ್ತೆ ಮೂರು ತಿಂಗಳು ಹಿಡಿಯಿತು. ನಡುವೆ ಎರಡು ಸಲ ಅವನೊಂದಿಗೆ ರಾಜಿಯೂ ಆಯಿತು. ಆ ಎರಡೂ ಸಲ ಕಾನೂನಿನ ಹುಡುಗಿ ಏನೂ ಕೇಳದೆ ಅವಳಿಗೆ ತಾಟು ಹಚ್ಚಿಕೊಟ್ಟಳು.