ಎಳೆ ಗೇರುಬೀಜ ಬಂತು

ರಥಬೀದಿ ಹತ್ತಿರ ಒಬ್ಬರು ಅಮ್ಮ ಬುಟ್ಟಿಯಲ್ಲಿ ಎಳೆ ಗೇರುಬೀಜ ಇಟ್ಟುಕೊಂಡು ಕೂತಿದ್ದರು. ನೂರರ ಲೆಕ್ಕ. ಅವರ ಬೆರಳ ತುದಿಯೆಲ್ಲ ಸೊನೆ ತಾಗಿ ಕಪ್ಪಾಗಿತ್ತು. ಚೌಕಾಸಿ ಮಾಡಲು ಮನಸ್ಸೇ ಬರಲಿಲ್ಲ, ಇನ್ನೂರು ತಂದೆ.

ಬಿಸಿನೀರಲ್ಲಿ ಸ್ವಲ್ಪ ಹೊತ್ತು ಹಾಕಿಟ್ಟರೆ ಒಳಸಿಪ್ಪೆ ಜಾರಿ ಬರುತ್ತದೆ, ಒಳಗೆ ಹಾಲುಬಿಳುಪಿನ ಬೀಜ. ತೊಂಡೆಕಾಯಿ ಜೊತೆ ಪಲ್ಯ: ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸಿನ ಒಗ್ಗರಣೆ, ಕೊನೆಗೆ ಒಂದು ಹಿಡಿ ಕಾಯಿತುರಿ. ಮಸಾಲೆ ಹಾಕಲೇಬಾರದು, ಬೀಜದ ಸಿಹಿ ಸತ್ತುಹೋಗುತ್ತದೆ. ಕುಚ್ಚಲಕ್ಕಿ ಗಂಜಿಗೆ ಇದರಷ್ಟು ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ.

ಅಂಗಡಿಯ ಡಬ್ಲ್ಯೂ 180 ಗೋಡಂಬಿಯೂ ಇಷ್ಟವೇ (ಒಂದು ಪೌಂಡಿಗೆ ಸುಮಾರು 180 ಬೀಜ ತೂಗುವಷ್ಟು ದಪ್ಪದ್ದು ಅಂತ ಅರ್ಥ). ತುಪ್ಪದಲ್ಲಿ ಹುರಿದು ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿದರೆ ಸಾಕು. ಮಳೆಗಾಲಕ್ಕೆ ಮಾತ್ರ ಸಾಂತಾಣಿಯೇ ಬೇಕು. ಉಪ್ಪುನೀರಲ್ಲಿ ಬೇಯಿಸಿ ಒಣಗಿಸಿದ ಹಲಸಿನ ಬೇಳೆ, ಬಾಯಲ್ಲಿಟ್ಟು ನಿಧಾನ ಜಗಿಯುತ್ತಾ ಮಳೆ ನೋಡುವುದು.

ಗೇರುಮರ ಬ್ರೆಜಿಲ್ ಕಡೆಯದು, 16ನೇ ಶತಮಾನದಲ್ಲಿ ಪೋರ್ಚುಗೀಸರು ಈ ಕರಾವಳಿಗೆ ತಂದದ್ದು. ಹೊರಗಿನದು ಅಂತ ನಮ್ಮ ಅಡುಗೆಮನೆಗಳಿಗೆ ಅನಿಸಿಯೇ ಇಲ್ಲ. ಹಬ್ಬದ ಎಲೆಗೇ ಬಂದು ಕೂತಿದೆ.

ಅಜ್ಜಿ ಬೀಜ ಬಿಡಿಸುವ ಮೊದಲು ನಮ್ಮ ಕೈಗೆಲ್ಲ ತೆಂಗಿನೆಣ್ಣೆ ಸವರುತ್ತಿದ್ದರು, ಸೊನೆ ಸುಡಬಾರದೆಂದು. ಇವತ್ತು ಮಗಳ ಪುಟ್ಟ ಅಂಗೈಗೆ ನಾನು ಸವರಿದೆ. ಎರಡು ಬಿಡಿಸಿದಳು, ಮೂರು ತಿಂದಳು.