ಹವಾಲ್ದಾರರ ಖಾತೆ ಮುಚ್ಚುವ ಮೊದಲು

ಸೈನಿಕನ ಸಂಬಳದ ಲೆಕ್ಕ ಅವನ ಪಲ್ಟನ್ನಿನಲ್ಲಿ ಇರುವುದಿಲ್ಲ. ಪಲ್ಟನ್ ಲೇಹ್‌ನಲ್ಲಿರಲಿ, ತೇಜ್‌ಪುರದಲ್ಲಿರಲಿ, ಲೆಕ್ಕ ಇರುವುದು ರೆಜಿಮೆಂಟಲ್ ಸೆಂಟರ್ ಇರುವ ಊರಿನಲ್ಲಿ. ಮರಾಠಾ ಲೈಟ್ ಇನ್‌ಫೆಂಟ್ರಿಯವನಾದರೆ ಬೆಳಗಾವಿ, ಮದ್ರಾಸ್ ಎಂಜಿನಿಯರ್ ಗ್ರೂಪಿನವನಾದರೆ ಬೆಂಗಳೂರು. ಅಲ್ಲಿ ರಕ್ಷಣಾ ಲೆಕ್ಕಪತ್ರ ಇಲಾಖೆಯ ಪೇ ಅಕೌಂಟ್ಸ್ ಆಫೀಸು, ನಮ್ಮ ಮಾತಿನಲ್ಲಿ ಪಿಎಒ, ಒಬ್ಬೊಬ್ಬ ಜವಾನನಿಗೂ ಒಂದೊಂದು ಖಾತೆ ಇಟ್ಟಿರುತ್ತದೆ. ಅದರ ಹೆಸರು ಇಂಡಿವಿಜುವಲ್ ರನ್ನಿಂಗ್ ಲೆಡ್ಜರ್ ಅಕೌಂಟ್, ಚಿಕ್ಕದಾಗಿ ಐಆರ್‌ಎಲ್‌ಎ. ಭರ್ತಿಯಾದ ದಿನ ತೆರೆದ ಈ ಖಾತೆ ಡಿಸ್ಚಾರ್ಜ್ ಆಗುವ ದಿನ ಮುಚ್ಚುತ್ತದೆ. ನಡುವಿನ ವರ್ಷಗಳಲ್ಲಿ ಅವನ ಮುಖ ಕಂಡ ಆಡಿಟರ್ ಅಪರೂಪ.

ಮುಖ ಕಾಣದವನ ಲೆಕ್ಕ ನಡೆಯುವುದು ಪಾರ್ಟ್ ಟೂ ಆರ್ಡರ್ ಎಂಬ ಕಾಗದದ ಮೇಲೆ. ರಜೆ, ಬಡ್ತಿ, ಮದುವೆ, ಮಗುವಿನ ಜನನ, ಫೀಲ್ಡಿಗೆ (ಗಡಿಯಂಥ ಕಾರ್ಯಾಚರಣೆಯ ಪ್ರದೇಶಕ್ಕೆ) ಹೋದದ್ದು, ಫೀಲ್ಡಿನಿಂದ ಇಳಿದದ್ದು, ಯಾವುದಾದರೂ ಸರಿ, ಯೂನಿಟ್ಟಿನ ಕ್ಲರ್ಕ್ ಪಾರ್ಟ್ ಟೂದಲ್ಲಿ ಪ್ರಕಟಿಸಿದರೆ ಮಾತ್ರ ಪಿಎಒದಲ್ಲಿರುವ ನಮ್ಮ ಪಾಲಿಗೆ ನಡೆದಂತೆ. ಆರ್ಮಿ ನಂಬರಿನ ಕೊನೆಯಲ್ಲಿ ಒಂದು ಚೆಕ್ ಅಕ್ಷರ ಇರುತ್ತದೆ. ಅಂಕಿಗಳೆಲ್ಲ ಸರಿಯಿದ್ದು ಆ ಒಂದು ಅಕ್ಷರ ತಪ್ಪಿದರೂ ಕಂಪ್ಯೂಟರ್ ಆ ನಮೂದನ್ನು ತಿರಸ್ಕರಿಸಿ ರಿಜೆಕ್ಷನ್ ಪಟ್ಟಿಗೆ ಹಾಕುತ್ತದೆ. ಪಟ್ಟಿ ಯೂನಿಟ್ಟಿಗೆ ಹೋಗುತ್ತದೆ. ಅಷ್ಟರಲ್ಲಿ ಯೂನಿಟ್ ಊರು ಬದಲಿಸಿದ್ದರೆ, ಕ್ಲರ್ಕ್ ಬದಲಾಗಿದ್ದರೆ, ಆ ಪಟ್ಟಿ ಯಾವುದೋ ಟ್ರಂಕಿನ ತಳ ಸೇರುತ್ತದೆ.

ಮೇ 2024ರ ಒಂದು ಬೆಳಗ್ಗೆ ಮೇಜಿಗೆ ಬಂದದ್ದು ಇಂಥದೇ ಒಂದು ಖಾತೆ. ಬೆಳಗಾವಿ ಜಿಲ್ಲೆಯ ಹವಾಲ್ದಾರರು, 24 ವರ್ಷದ ಸರ್ವಿಸು, ಮೇ 31ಕ್ಕೆ ನಿವೃತ್ತಿ. ಬಿಡುಗಡೆಗೆ ಮುಂಚಿನ ಕಾಗದಪತ್ರ ಮುಗಿಸುವ ಡಿಸ್ಚಾರ್ಜ್ ಡ್ರಿಲ್‌ಗೆಂದು ಸೆಂಟರಿಗೆ ಬಂದಿದ್ದವರು ಕೈಯಲ್ಲಿ ಪೇ ಸ್ಲಿಪ್ಪುಗಳ ಕಟ್ಟು ಹಿಡಿದು ನೇರ ನಮ್ಮಲ್ಲಿಗೇ ಬಂದರು. "ಸಾಹೇಬ್ರ, ಫೈನಲ್ ಸೆಟ್ಲಮೆಂಟ್‌ದಾಗ ಮೂವತ್ತು ಸಾವಿರ ಕಟ್ ಅಂತ ತೋರಿಸೇತಿ. ನಾ ಏನ್ ತಗೊಂಡೇನಿ?"

ಕೇಳಲೇಬೇಕಾದ ಪ್ರಶ್ನೆ. ಖಾತೆ ಹಿಂದಕ್ಕೆ ಸರಿಸುತ್ತ ಹೋದಾಗ ಉತ್ತರ 2022ರ ಕೊನೆಯಲ್ಲಿ ಸಿಕ್ಕಿತು. ಏಳನೇ ವೇತನ ಆಯೋಗದ ನಂತರ ಜವಾನರಿಗೆ ಫೀಲ್ಡ್ ಏರಿಯಾ ಭತ್ಯೆ ತಿಂಗಳಿಗೆ 6,000 ರೂಪಾಯಿ ನಿಗದಿಯಾಗಿತ್ತು. ಪಲ್ಟನ್ ಪೀಸ್ ಸ್ಟೇಷನ್ನಿಗೆ, ಅಂದರೆ ಫೀಲ್ಡ್ ಅಲ್ಲದ ಊರಿಗೆ, ಇಳಿದ ಮೇಲೂ ಭತ್ಯೆ ನಿಲ್ಲಿಸುವ ಪಾರ್ಟ್ ಟೂ ಐದು ತಿಂಗಳು ಬಂದಿರಲಿಲ್ಲ. ಆರು ಸಾವಿರದಂತೆ ಐದು ತಿಂಗಳಿಗೆ ಮೂವತ್ತು ಸಾವಿರ. ಹಣ ಬ್ಯಾಂಕಿಗೆ ಹೋಗಿದೆ, ಖರ್ಚೂ ಆಗಿದೆ, ಅವರಿಗೆ ಗೊತ್ತೇ ಆಗಿಲ್ಲ. ಭತ್ಯೆ ಶುರು ಮಾಡುವ ಕಾಗದಕ್ಕೆ ಎಲ್ಲರೂ ಬೆನ್ನುಹತ್ತುತ್ತಾರೆ, ನಿಲ್ಲಿಸುವ ಕಾಗದವನ್ನು ಕೇಳುವವರಿಲ್ಲ. ಡೆಬಿಟ್ ಬ್ಯಾಲೆನ್ಸ್, ಅಂದರೆ ಜವಾನನಿಂದ ವಾಪಸ್ ಬರಬೇಕಾದ ಬಾಕಿ, ಹುಟ್ಟುವ ಮುಖ್ಯ ಜಾಗ ಇದೇ. ತಿಂಗಳು ಪೂರ್ತಿ ರಜೆಯಲ್ಲಿದ್ದಾಗ ಸಿಗಬಾರದ ಟ್ರಾನ್ಸ್‌ಪೋರ್ಟ್ ಭತ್ಯೆ ಸಿಕ್ಕಿಬಿಡುವುದೂ ಇದೇ ಜಾತಿಯ ತಪ್ಪು.

ಆದರೆ ವಸೂಲಿ ಒಪ್ಪಿಸಿ ಕಳಿಸಿಬಿಟ್ಟರೆ ಅರ್ಧ ಕೆಲಸ ಮಾಡಿದಂತೆ. ಖಾತೆಯಲ್ಲಿ ಅವನಿಂದ ಬರಬೇಕಾದದ್ದನ್ನು ಹುಡುಕುವ ಕಣ್ಣೇ ಅವನಿಗೆ ಕೊಡಬೇಕಾದದ್ದನ್ನೂ ಹುಡುಕಬೇಕು. ಈ ವಿಷಯದಲ್ಲಿ ನನ್ನದು ಹಟವೇ ಸರಿ. ಡೆಬಿಟ್ಟನ್ನು ಕಂಪ್ಯೂಟರ್ ತಾನೇ ಕೆಂಪಾಗಿ ತೋರಿಸುತ್ತದೆ, ಬಾರದೆ ಉಳಿದ ಕ್ರೆಡಿಟ್ಟನ್ನು ಯಾರೂ ತೋರಿಸುವುದಿಲ್ಲ.

ಮೊದಲು ನೋಡಬೇಕಾದದ್ದು ರಜೆ. ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ. ಬಳಸದೆ ಉಳಿದದ್ದರಲ್ಲಿ ವರ್ಷಕ್ಕೆ 30 ದಿನದವರೆಗೆ ಜಮಾ ಆಗುತ್ತದೆ, ಒಟ್ಟು ಮಿತಿ 300 ದಿನ. ನಿವೃತ್ತಿಯಾಗುವಾಗ ಅದಕ್ಕೆ ನಗದು. ಜಮಾ ಆದ ರಜೆಯನ್ನೂ ಪ್ರತಿ ವರ್ಷ ಪಾರ್ಟ್ ಟೂದಲ್ಲಿ ಪ್ರಕಟಿಸಬೇಕು. ಈ ಹವಾಲ್ದಾರರ ಖಾತೆಯಲ್ಲಿ 270 ದಿನವಿತ್ತು. ವರ್ಷವಾರು ಪಟ್ಟಿ ಹಾಕಿದಾಗ 2015 ಖಾಲಿ. ಅವರ ಮೂಲ ವೇತನ 40,400, ಮಿಲಿಟರಿ ಸರ್ವಿಸ್ ಪೇ 5,200, ಕೂಡಿದರೆ 45,600. ಆಗ ತುಟ್ಟಿಭತ್ಯೆ ಶೇಕಡ 50, ಅಂದರೆ ಒಟ್ಟು 68,400. ಮೂವತ್ತರಿಂದ ಭಾಗಿಸಿದರೆ ದಿನಕ್ಕೆ 2,280. ಖಾಲಿ ಬಿದ್ದ ಆ ಒಂದು ವರ್ಷದ ಬೆಲೆ ಸರಿಯಾಗಿ ಒಂದು ತಿಂಗಳ ಸಂಬಳ, 68,400 ರೂಪಾಯಿ. ವಸೂಲಿಯ ಎರಡು ಪಟ್ಟಿಗಿಂತ ಹೆಚ್ಚು!

ಪಾರ್ಟ್ ಟೂ ಆರ್ಡರುಗಳಿಗೆ ಕ್ರಮಸಂಖ್ಯೆ ಇರುತ್ತದೆ. ಸಂಖ್ಯೆ ಹಾರಿದ್ದರೆ ಕಾಗದ ನಮಗೆ ತಲುಪಿಲ್ಲ ಎಂದರ್ಥ. ಸಂಖ್ಯೆ ಸಾಲಾಗಿದ್ದೂ ನಮೂದು ಇಲ್ಲದಿದ್ದರೆ ರಿಜೆಕ್ಟ್ ಆಗಿರಬೇಕು. ಇಲ್ಲಿ ಆಗಿದ್ದು ಎರಡನೆಯದು, ಚೆಕ್ ಅಕ್ಷರ ತಪ್ಪಿತ್ತು. ಹವಾಲ್ದಾರರ ಸೇವಾ ದಾಖಲೆಯಾದ ಶೀಟ್ ರೋಲ್‌ನಲ್ಲಿ ರಜೆಯ ನಮೂದು ಸರಿಯಾಗಿಯೇ ಇತ್ತು. ದಾರಿ ಹೀಗೆ: ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿನ ಮೂಲಕ ಯೂನಿಟ್ಟಿಗೆ ಸಂದೇಶ ಹೋಗಬೇಕು, ಯೂನಿಟ್ ತನ್ನ ಕಚೇರಿ ಪ್ರತಿ ಹುಡುಕಬೇಕು, ಹಳೆಯ ಆರ್ಡರಿನ ಸಂಖ್ಯೆ ಮತ್ತು ತಾರೀಖು ಉಲ್ಲೇಖಿಸಿ, ತಡವಾದ ಕಾರಣ ಬರೆದು, ಹೊಸ ಪಾರ್ಟ್ ಟೂ ಹೊರಡಿಸಬೇಕು. "ಹಿಂದೆ ಪ್ರಕಟಿಸಿದ್ದೇವೆ" ಎಂಬ ಪತ್ರ ಸಾಲದು. ಪತ್ರದ ಆಧಾರದ ಮೇಲೆ ಖಾತೆಗೆ ದಿನ ಸೇರಿಸಿದರೆ ನಾಳೆ ಆಡಿಟ್‌ನಲ್ಲಿ ಅದು ನಿಲ್ಲುವುದಿಲ್ಲ, ಮತ್ತೆ ಆ ಮನುಷ್ಯನ ಕುತ್ತಿಗೆಗೇ ಬರುತ್ತದೆ. ಹೊಸ ಆರ್ಡರ್ ಬಂತು, 300 ಆಯಿತು.

ಪಿಂಚಣಿಯ ಲೆಕ್ಕ ಇದಕ್ಕೆ ಹೋಲಿಸಿದರೆ ಸುಲಭ. ಮೂಲ ವೇತನ ಮತ್ತು ಮಿಲಿಟರಿ ಸರ್ವಿಸ್ ಪೇ ಕೂಡಿ ಅರ್ಧ, 22,800, ಮೇಲೆ ತುಟ್ಟಿ ಪರಿಹಾರ. ಮಂಜೂರಾತಿ ಪ್ರಯಾಗರಾಜದ ರಕ್ಷಣಾ ಪಿಂಚಣಿ ಕಚೇರಿಯಿಂದ, ಪಾವತಿ ಸ್ಪರ್ಶ್ ಎಂಬ ಆನ್‌ಲೈನ್ ಪಿಂಚಣಿ ವ್ಯವಸ್ಥೆಯಿಂದ. ಅಲ್ಲಿಗೆ ಅವರಿಗಾಗಿ ಸರ್ಕಾರ ಮಾಡುವ ಖರ್ಚು ಸೇನೆಯ 2076 ಎಂಬ ಮುಖ್ಯ ಲೆಕ್ಕಶೀರ್ಷಿಕೆಯಿಂದ ಪಿಂಚಣಿಯ 2071ಕ್ಕೆ ದಾಟುತ್ತದೆ. ನಿವೃತ್ತಿ ಜೂನ್ 30ಕ್ಕೆ ಬಿದ್ದು, ಇನ್‌ಕ್ರಿಮೆಂಟ್ ಜುಲೈ 1ಕ್ಕಿದ್ದರೆ ಇನ್ನೊಂದು ಪ್ರಶ್ನೆ ಏಳುತ್ತಿತ್ತು. ವರ್ಷವಿಡೀ ದುಡಿದು ಒಂದೇ ದಿನದ ಅಂತರಕ್ಕೆ ಇನ್‌ಕ್ರಿಮೆಂಟ್ ತಪ್ಪಬಾರದು ಎಂದು ಸುಪ್ರೀಂ ಕೋರ್ಟ್ ಏಪ್ರಿಲ್ 11, 2023ರಂದು ಹೇಳಿತು. ಆ ಪ್ರಕರಣ ಹೋದದ್ದು ನಮ್ಮ ಕೆಪಿಟಿಸಿಎಲ್‌ನಿಂದಲೇ. ಇವರದು ಮೇ ತಿಂಗಳಾದ್ದರಿಂದ ಆ ಮಾತು ಬರಲಿಲ್ಲ.

ಅದೇ ದಿನ ಮಧ್ಯಾಹ್ನ ಬಂದ ಇನ್ನೊಂದು ಕಡತವನ್ನು ಇಲ್ಲಿ ಬಿಡಿಸಿ ಹೇಳಲೇಬೇಕು, ಏಕೆಂದರೆ ಇದರಲ್ಲಿ ಜವಾನರು ಕಳೆದುಕೊಳ್ಳುವುದು ಒಂದು ಸಲದ ಹಣವಲ್ಲ. ಒಬ್ಬ ನಾಯಕ್, ವೇತನ ಕೋಷ್ಟಕದ ಲೆವೆಲ್ 4ರಲ್ಲಿ ಮೂಲ ವೇತನ 31,400, ಮಾರ್ಚ್ 1, 2024ಕ್ಕೆ ಹವಾಲ್ದಾರ್ ಆಗಿದ್ದಾನೆ. ಮುಂದಿನ ಇನ್‌ಕ್ರಿಮೆಂಟ್ ಜುಲೈ 1ಕ್ಕೆ. ಬಡ್ತಿಯ ದಿನದಿಂದಲೇ ವೇತನ ನಿಗದಿ ಬೇಕೆಂದರೆ ಹಳೆಯ ಲೆವೆಲ್ಲಿನಲ್ಲಿ ಒಂದು ಮೆಟ್ಟಿಲು ಏರಿಸಿ 32,300 ಮಾಡಿ, ಲೆವೆಲ್ 5ರಲ್ಲಿ ಅದಕ್ಕೆ ಸಮನಾದ ಅಥವಾ ಮೇಲಿನ ಮನೆಯಾದ 32,900ಕ್ಕೆ ಕೂರಿಸುತ್ತಾರೆ. ಮುಂದಿನ ಇನ್‌ಕ್ರಿಮೆಂಟಿಗೆ ಆರು ತಿಂಗಳು ಆಗಿರಬೇಕಾದ್ದರಿಂದ ಅದು ಜನವರಿ 1, 2025ಕ್ಕೆ, 33,900. ಇನ್‌ಕ್ರಿಮೆಂಟ್ ದಿನದಿಂದ ನಿಗದಿ ಬೇಕೆಂದು ಆಪ್ಷನ್ ಕೊಟ್ಟರೆ ಮಾರ್ಚ್‌ನಿಂದ ಜೂನ್‌ವರೆಗೆ ಲೆವೆಲ್ 5ರ ಮುಂದಿನ ಮನೆಯಾದ ಬರೀ 31,900. ಜುಲೈ 1ಕ್ಕೆ ವಾರ್ಷಿಕದ್ದೊಂದು, ಬಡ್ತಿಯದ್ದೊಂದು, ಎರಡು ಮೆಟ್ಟಿಲು ಸೇರಿ 33,300, ಲೆವೆಲ್ 5ರಲ್ಲಿ 33,900. ಜನವರಿ 1ಕ್ಕೆ ಮತ್ತೆ ಏರಿ 34,900.

ಮೊದಲ ನಾಲ್ಕು ತಿಂಗಳು ತಿಂಗಳಿಗೆ 1,000 ಕಡಿಮೆ, ಆಮೇಲೆ ಪ್ರತಿ ತಿಂಗಳೂ 1,000 ಹೆಚ್ಚು. ಕಳೆದದ್ದು ಅಕ್ಟೋಬರ್ ಹೊತ್ತಿಗೆ ವಾಪಸ್ ಬಂದಿರುತ್ತದೆ. ಅಲ್ಲಿಂದ ಮುಂದಿನದ್ದೆಲ್ಲ ಲಾಭ, ಆ ಅಂತರ ತುಟ್ಟಿಭತ್ಯೆಯಲ್ಲೂ ಬೆಳೆಯುತ್ತದೆ. ಬಡ್ತಿ ಸಿಕ್ಕ ಸಂಭ್ರಮದಲ್ಲಿ ಯಾರೋ ಮುಂದಿಟ್ಟ ಫಾರಂಗೆ ಸಹಿ ಹಾಕಿ ಮೊದಲ ಆಯ್ಕೆಯನ್ನು ತೆಗೆದುಕೊಂಡವರು ಎಷ್ಟೋ ಜನ. ಎಲ್ಲರಿಗೂ ಎರಡನೆಯದೇ ಲಾಭ ಎಂದಲ್ಲ. ಇನ್‌ಕ್ರಿಮೆಂಟ್ ದೂರವಿದ್ದರೆ, ಲೆವೆಲ್ಲಿನ ಮನೆಗಳು ಬೇರೆ ಥರ ಬಿದ್ದರೆ ಲೆಕ್ಕ ತಿರುಗುತ್ತದೆ. ಆಪ್ಷನ್ ಕೊಡುವ ಗಡುವಿನೊಳಗೆ ಒಂದು ಹಾಳೆಯಲ್ಲಿ ಎರಡು ಸಾಲು ಬರೆದು ತಿಂಗಳು ತಿಂಗಳು ಹೋಲಿಸಿ ನೋಡಬೇಕು. ಹತ್ತು ನಿಮಿಷದ ಕೆಲಸ. ಇನ್‌ಕ್ರಿಮೆಂಟನ್ನು ಮೂಲ ವೇತನದ ಮೇಲೆ ಮಾತ್ರ ಹಾಕಬೇಕು, ಮಿಲಿಟರಿ ಸರ್ವಿಸ್ ಪೇ ಅದಕ್ಕೆ ಸೇರುವುದಿಲ್ಲ.

ಅಗ್ನಿವೀರರ ಖಾತೆಯಲ್ಲಿ ಈ ಗೋಜಲು ಕಡಿಮೆ. ಮೊದಲ ವರ್ಷ 30,000, ಅದರಲ್ಲಿ 9,000 ಸೇವಾ ನಿಧಿಗೆ, ಕೈಗೆ 21,000. ನಾಲ್ಕನೇ ವರ್ಷ 40,000, ನಿಧಿಗೆ 12,000. ಅವರು ಜೋಡಿಸಿದಷ್ಟನ್ನು ಸರ್ಕಾರವೂ ಹಾಕುತ್ತದೆ. ಆದರೆ ನಾಲ್ಕೇ ವರ್ಷದ ಖಾತೆಯಲ್ಲಿ ತಪ್ಪು ತಿದ್ದಿಕೊಳ್ಳಲು ಸಿಗುವ ಸಮಯವೂ ಕಡಿಮೆ.

ಹವಾಲ್ದಾರರು ಏಳುವ ಮೊದಲು ಒಂದು ಕೆಲಸ ಉಳಿದಿತ್ತು, ಹೆಂಡತಿಯ ಹೆಸರು. ಬೆಳಗಾವಿ, ವಿಜಯಪುರದ ಕಡೆಯ ಕಡತಗಳಲ್ಲಿ ಇದನ್ನು ತಪ್ಪದೆ ನೋಡಬೇಕು. ಮನೆಯಲ್ಲಿ ಶಾಂತವ್ವ, ಆಧಾರ್‌ನಲ್ಲಿ ಶಾಂತಾ, ಮದುವೆಯ ಪಾರ್ಟ್ ಟೂದಲ್ಲಿ ಶಾಂತಾಬಾಯಿ ಎಂದಿದ್ದರೆ ಗಂಡ ಇರುವಷ್ಟು ದಿನ ಯಾರಿಗೂ ಅಡ್ಡಿಯಾಗುವುದಿಲ್ಲ. ಕುಟುಂಬ ಪಿಂಚಣಿ ಶುರುವಾಗಬೇಕಾದಾಗ ಅಡ್ಡಿಯಾಗುತ್ತದೆ, ಆಗ ತಿದ್ದಿಸಲು ಓಡಾಡಬೇಕಾದವಳು ಅವಳೊಬ್ಬಳೇ. ಡಿಸ್ಚಾರ್ಜ್ ಆಗುವ ಮೊದಲಾದರೆ ಅಫಿಡವಿಟ್ ಕೊಟ್ಟು ಒಂದು ಪಾರ್ಟ್ ಟೂ ಹೊರಡಿಸಿದರೆ ಮುಗಿಯುತ್ತದೆ. ಇವರ ಕಡತದಲ್ಲಿ ಆಕೆಯ ಹೆಸರು ಮೂರು ಕಡೆಯೂ ಒಂದೇ ಇತ್ತು, ಹುಟ್ಟಿದ ತಾರೀಖು ಮಾತ್ರ ಬೇರೆ. ಆಧಾರ್ ಪ್ರತಿ ತೆಗೆದುಕೊಂಡು ಅಂದೇ ರೆಕಾರ್ಡ್ ಆಫೀಸಿಗೆ ಕಳಿಸಿದೆವು.